ಮಣಿಕಟ್ಟಿನ ಕೌತುಕ

ಚಳ್ಳಕೆರೆ ಸೀಮೆಯ ಒಂದು ಮದುವೆ ಮನೆ. ಮೊಳಕಾಲ್ಮೂರು ರೇಷ್ಮೆ ಉಟ್ಟು ಹಸೆಯ ಮೇಲೆ ಕೂತ ಹುಡುಗಿಯ ಕೈಗೆ ತಾಯಿ ಕರಿ ಉಣ್ಣೆಯ ಎಳೆ ಸುತ್ತಿ ಅರಿಸಿನ ಕೊಂಬು ಕಟ್ಟುತ್ತಿದ್ದರು. ಕೈ ನಡುಗಿ ಗಂಟು ಜಾರಿತು. ಪಕ್ಕದಲ್ಲಿದ್ದ ಅಜ್ಜಿ ಹೆಬ್ಬೆರಳಿನಿಂದ ದಾರವನ್ನು ಮೇಲಕ್ಕೆ ಸರಿಸಿ ಬಿಗಿ ಮಾಡಿದರು. ನನ್ನ ಮೈ ಜುಮ್ಮೆಂದಿತು. ಈ ಗಳಿಗೆಯನ್ನು ನಾನು ಓದಿದ್ದೆ.

ಕಾಳಿದಾಸನ ಕುಮಾರಸಂಭವ, ಏಳನೆಯ ಸರ್ಗ. ಪಾರ್ವತಿಗೆ ಕಂಕಣ ಕಟ್ಟುವ ತಾಯಿ ಮೇನೆಗೆ ಕಣ್ತುಂಬಿ ಏನೂ ಕಾಣದು; ದಾರವನ್ನು ಎಲ್ಲೋ ಕಟ್ಟಿಬಿಡುತ್ತಾಳೆ. ದಾದಿ ಬೆರಳಿನಿಂದ ಅದನ್ನು ಸರಿಯಾದ ಜಾಗಕ್ಕೆ ತರುತ್ತಾಳೆ. ದಾರ ಉಣ್ಣೆಯದು ಎಂಬುದನ್ನೂ ಕವಿ ಮರೆಯದೆ ಹೇಳುತ್ತಾನೆ. ಅದಕ್ಕೆ ಅವನು ಬಳಸಿದ ಹೆಸರು ಕೌತುಕ.

ಚುನಾವಣೆಯ ಫಲಿತಾಂಶದ ಮುನ್ನಾದಿನ ಪತ್ರಿಕೆಗಳಲ್ಲಿ ತಪ್ಪದೆ ಕಾಣುವ ಕೌತುಕವೇ ಇದು. ಅಮರಕೋಶದಲ್ಲಿ ಕುತೂಹಲಕ್ಕೆ ನಾಲ್ಕು ಪದಗಳಿವೆ, ನಾಲ್ಕೂ ಒಂದೇ ಬಳ್ಳಿಯ ಕಾಯಿಗಳು. ಕೌತುಕವೆಂದರೆ ತಿಳಿಯುವ, ಕಾಣುವ ತವಕ. ಆ ತವಕ ಹುಟ್ಟಿಸುವ ನೋಟ, ಹಬ್ಬ. ಹಬ್ಬಗಳಲ್ಲಿ ಹಿರಿದಾದ ಮದುವೆಯ ಕಂಕಣವೂ ಹೌದು. ಮನಸ್ಸಿನ ಮಾತು ಹೀಗೆ ಮಣಿಕಟ್ಟಿಗೆ ಇಳಿಯಿತು. ದೇವಸ್ಥಾನಗಳ ಉತ್ಸವದಲ್ಲಿ 'ಕೌತುಕ ಬಂಧನ' ಇವತ್ತಿಗೂ ಉಳಿದಿದೆ. ಉಳಿದೆಡೆ ನಾವು ದಾರವನ್ನು ಬಿಟ್ಟು ತವಕವನ್ನಷ್ಟೇ ಇಟ್ಟುಕೊಂಡೆವು. ಇದು ನನಗೆ ನಿಜವಾಗಿ ನೋವಿನ ಸಂಗತಿ.

ದಾರವನ್ನು ಬಿಡದವರೂ ಇದ್ದಾರೆ. ಕುರುಬರಲ್ಲಿ ಉಣ್ಣೆಕಂಕಣ, ಹತ್ತಿಕಂಕಣ ಎಂಬ ಎರಡು ಪಂಗಡಗಳುಂಟು. ಮದುವೆಯಲ್ಲಿ ಯಾವ ದಾರ ಕಟ್ಟುತ್ತಾರೋ ಅದೇ ಪಂಗಡದ ಹೆಸರು. ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳ ಬಗ್ಗೆ 1909ರಲ್ಲಿ ಅಚ್ಚಾದ ಥರ್ಸ್ಟನ್‌ನ ಸಂಪುಟಗಳಲ್ಲೂ ಇದು ದಾಖಲಾಗಿದೆ. ಕಾಳಿದಾಸನನ್ನು ಓದದ ಮನೆಗಳು ಅವನ ಕೌತುಕವನ್ನು ಕೈಯಲ್ಲೇ ಕಾಪಾಡಿವೆ; ಯಾವ ನಿಘಂಟಿಗೂ ಕಡಿಮೆಯಲ್ಲದ ಕೆಲಸ ಅದು.

ಆದರೆ ಎಳೆ ಬರಬೇಕಾದರೆ ಕುರಿ ಬೇಕು, ಕುರಿಗೆ ಹುಲ್ಲು ಬೇಕು. ಚಳ್ಳಕೆರೆಯ ಅಮೃತಮಹಲ್ ಕಾವಲುಗಳೆಂಬ ಹುಲ್ಲುಗಾವಲುಗಳಲ್ಲಿ ಸಾವಿರಾರು ಎಕರೆ ರಕ್ಷಣಾ ಸಂಶೋಧನೆಗೆ, ಅಣುಶಕ್ತಿಗೆ, ಬಾಹ್ಯಾಕಾಶಕ್ಕೆ ಹೋಯಿತು. ಖುದಾಪುರ, ಉಳ್ಳಾರ್ತಿಯ ಕಡೆ ಬೇಲಿಗಳೆದ್ದವು. ಹುಣಸೆ ಬೀಜದ ಸರಿ ಬಳಿದು ಕಂಬಳಿ ನೇಯುವ ಮಗ್ಗಗಳ ಸದ್ದೂ ತಗ್ಗಿದೆ. ಈಗ ಅಂಗಡಿಯಲ್ಲಿ ಸಿದ್ಧ ಕಂಕಣ ಸಿಗುತ್ತದೆ. ಮಿರುಗುವ ದಾರ, ಪ್ಲಾಸ್ಟಿಕ್ ಮಣಿ.

ಊಟದ ಹೊತ್ತಿಗೆ ಅಜ್ಜಿಯನ್ನು ಹುಡುಕಿ, ಉಣ್ಣೆ ಎಲ್ಲಿಂದ ತಂದಿರಿ ಎಂದು ಕೇಳಿದೆ.

"ಕುರಿ ಎಲ್ಲೈತಪ್ಪ ಈಗ? ನಮ್ಮ ಯಜಮಾನ್ರ ಹಳೇ ಕಂಬ್ಳಿ ಇತ್ತು. ಅದ್ರ ಅಂಚಿಂದ ನಾಕೆಳೆ ಎಳ್ಕಂಡೆ."