ಮೀನಿನ ಮೈಗಾವಲು

1988ರಲ್ಲಿ ಈಶಾನ್ಯ ಭಾರತದ ಕೆರೆ, ಜೌಗು ಹಾಗೂ ನೀರು ನಿಂತ ಗದ್ದೆಗಳಲ್ಲಿ ಮೀನುಗಳ ಮೈಮೇಲೆ ಕೆಂಪು ಹುಣ್ಣುಗಳು ಕಾಣಿಸಿಕೊಂಡವು. ಮುಂದಿನ ವರ್ಷಗಳಲ್ಲಿ ಈ ಸಾಂಕ್ರಾಮಿಕ ಹುಣ್ಣುರೋಗವು ಅನೇಕ ರಾಜ್ಯಗಳಿಗೆ ಹರಡಿ, ಮೀನುಗಾರ ಕುಟುಂಬಗಳ ಜೀವನೋಪಾಯಕ್ಕೇ ಪೆಟ್ಟು ನೀಡಿತು. ಇದಕ್ಕೆ ಮೂಲ ಅಫನೊಮೈಸಿಸ್ ಎಂಬ, ಬೂಷ್ಟನ್ನು ಹೋಲುವ ಜೀವಿ. ಒಂದೇ ನೀರಿನಲ್ಲಿದ್ದರೂ ಕೊರವ ಮೀನು ಈ ರೋಗಕ್ಕೆ ಸುಲಭವಾಗಿ ಬಲಿಯಾಗುತ್ತದೆ. ಸಾಮಾನ್ಯ ಗೆಂಡೆ ತಾಳಿಕೊಳ್ಳುತ್ತದೆ. ಈ ವ್ಯತ್ಯಾಸವು ಮೀನಿನ ರೋಗನಿರೋಧಕ ವ್ಯವಸ್ಥೆಯತ್ತ ಗಮನ ಸೆಳೆಯುತ್ತದೆ.

ಮಾನವನಲ್ಲಿ ರಕ್ತಕಣಗಳು ಮೂಳೆಯ ಮಜ್ಜೆಯಲ್ಲಿ ಹುಟ್ಟುತ್ತವೆ. ಮೀನಿನಲ್ಲಿ ಆ ಕಾರ್ಯವನ್ನು ಮುಖ್ಯವಾಗಿ ತಲೆಯ ಹಿಂಬದಿಯಲ್ಲಿರುವ ಮೂತ್ರಪಿಂಡದ ಮುಂಭಾಗವು ನಿರ್ವಹಿಸುತ್ತದೆ. ಬಿಳಿ ರಕ್ತಕಣಗಳಲ್ಲಿ ಹಲವು ಬಗೆ. ಭಕ್ಷಕ ಕೋಶಗಳು ರೋಗಾಣುಗಳನ್ನು ನುಂಗುತ್ತವೆ. ಟಿ ಕೋಶಗಳು ಸೋಂಕು ತಗಲಿದ ಕೋಶಗಳನ್ನು ಗುರುತಿಸುತ್ತವೆ. ಬಿ ಕೋಶಗಳು ಪ್ರತಿಕಾಯಗಳನ್ನು ತಯಾರಿಸುತ್ತವೆ. ಈ ಕಾರ್ಯವಿಭಜನೆಯೂ ಕಟ್ಟುನಿಟ್ಟಾದುದಲ್ಲ. ರೈನ್‌ಬೋ ಟ್ರೌಟ್ ಮೀನಿನ ಬಿ ಕೋಶಗಳು ಸ್ವತಃ ರೋಗಾಣುಗಳನ್ನು ನುಂಗಿ ಕೊಲ್ಲಬಲ್ಲವೆಂಬುದು 2006ರಲ್ಲಿ ತಿಳಿದುಬಂದಿತು. ಗೆಂಡೆಯ ವಿಷಯದಲ್ಲಿ ಅದನ್ನು ಕಾಯುವುದು ಮುಖ್ಯವಾಗಿ ಬಿಳಿಕಣಗಳೇ: ಅವು ಬೂಷ್ಟಿನ ಎಳೆಗಳನ್ನು ಸುತ್ತುವರಿದು, ಗೋಡೆ ಕಟ್ಟಿದಂತೆ ನಿಂತು, ಸ್ನಾಯುವಿನ ಆಳಕ್ಕೆ ಇಳಿಯದಂತೆ ತಡೆಯುತ್ತವೆ.

ಮಾನವನಲ್ಲಿ ಪ್ರತಿಕಾಯಗಳ ವರ್ಗಗಳು ಐದು. ಮೂಳೆಮೀನುಗಳಲ್ಲಿ ಐಜಿಎಂ, ಐಜಿಡಿ ಮತ್ತು ಐಜಿಟಿ ಎಂಬ ಮೂರು ವರ್ಗಗಳು ಕಂಡುಬಂದಿವೆ. ರಕ್ತದಲ್ಲಿ ಐಜಿಎಂ ಪ್ರಧಾನವಾದುದು. 2005ರಲ್ಲಷ್ಟೇ ಪತ್ತೆಯಾದ ಐಜಿಟಿ ಟ್ರೌಟ್ ಮೀನಿನ ಕರುಳಿನ ಲೋಳೆಯನ್ನು ಕಾಯುತ್ತದೆಂದು 2010ರಲ್ಲಿ ತೋರಿಸಲಾಯಿತು. ಮೀನಿನ ಮೈಗೆ ನಮ್ಮ ಚರ್ಮದಲ್ಲಿರುವಂಥ ಒಣ ಹೊರಪದರವಿಲ್ಲ. ಅಡಿಗೆಮನೆಯಲ್ಲಿ ತೊಳೆದು ಚೆಲ್ಲುವ ಆ ಲೋಳೆ, ಜೀವಂತ ಮೀನಿಗೆ ಕೋಟೆಯೇ ಸರಿ.

ವರ್ಗಗಳು ಮೂರೇ ಎಂದ ಮಾತ್ರಕ್ಕೆ ಪ್ರತಿಕಾಯಗಳ ವೈವಿಧ್ಯ ಅಲ್ಪವೆಂದು ಭಾವಿಸಲಾಗದು. ವಂಶವಾಹಿಯ ತುಣುಕುಗಳು ಬಗೆಬಗೆಯಾಗಿ ಕೂಡಿಕೊಂಡು, ಸಾವಿರಾರು ರೂಪದ ಪ್ರತಿಕಾಯಗಳು ಉಂಟಾಗುತ್ತವೆ. ಅಮೆರಿಕದಲ್ಲಿ 14 ಜೀಬ್ರಾ ಮೀನುಗಳ ಮೇಲೆ ನಡೆದ, 2009ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಸಾಧ್ಯವಿರುವ ಜೋಡಣೆಗಳಲ್ಲಿ ಶೇಕಡ 50ರಿಂದ 86ರಷ್ಟನ್ನು ಅವು ಬಳಸಿಕೊಂಡಿದ್ದವು. ಬೆರಳಿನಷ್ಟೂ ಉದ್ದವಿಲ್ಲದ ಮೀನಿಗೆ ಇದು ಸಣ್ಣ ಬಂಡವಾಳವಲ್ಲ.

ಈ ಜ್ಞಾನದ ಪ್ರಯೋಜನವನ್ನು ನಾರ್ವೆಯ ಸಾಲ್ಮನ್ ಸಾಕಣೆಯಲ್ಲಿ ಕಾಣಬಹುದು. 1987ರಲ್ಲಿ ಅಲ್ಲಿ ಸುಮಾರು 50 ಟನ್ ಪ್ರತಿಜೈವಿಕ ಔಷಧ ಬಳಕೆಯಾಗಿತ್ತು. ಸಮುದ್ರಕ್ಕೆ ಬಿಡುವ ಮುನ್ನ ಮರಿಗಳಿಗೆ ಲಸಿಕೆ ಚುಚ್ಚುವ ಪದ್ಧತಿ ಬೇರೂರಿದ ಬಳಿಕ, ಉತ್ಪಾದನೆ ಅನೇಕ ಪಟ್ಟು ಹೆಚ್ಚಿದರೂ, 2015ರ ವೇಳೆಗೆ ಆ ಪ್ರಮಾಣ ಒಂದು ಟನ್ನಿಗಿಂತ ಕೆಳಗಿಳಿಯಿತು. ತೀರ ಎಳೆಯ ಮರಿಗಳಿಗೆ ಮಾತ್ರ ಲಸಿಕೆ ಫಲಿಸದು; ಪ್ರತಿಕಾಯ ತಯಾರಿಸುವ ಸಾಮರ್ಥ್ಯ ಅವುಗಳಲ್ಲಿ ಇನ್ನೂ ಬಲಿತಿರುವುದಿಲ್ಲ.

ಮೀನು ಶೀತರಕ್ತ ಪ್ರಾಣಿ. ನೀರು ತಣ್ಣಗಾದಂತೆ ಬಿಳಿಕಣಗಳ ಚಟುವಟಿಕೆಯೂ ಪ್ರತಿಕಾಯಗಳ ಉತ್ಪತ್ತಿಯೂ ಮಂದವಾಗುತ್ತವೆ. ನಮ್ಮಲ್ಲಿ ಹುಣ್ಣುರೋಗವು ಚಳಿಗಾಲದಲ್ಲಿ ಉಲ್ಬಣಿಸಲು ಇದೂ ಒಂದು ಕಾರಣ. ಆದುದರಿಂದಲೇ ಚಳಿ ಬೀಳುವ ಮುನ್ನ ಕೊಳಗಳಿಗೆ ಸುಣ್ಣ ಹಾಕುವಂತೆ ಮೀನು ಸಾಕಣೆದಾರರಿಗೆ ಸಲಹೆ ನೀಡಲಾಗುತ್ತದೆ.