ಒಪ್ಪಿದ ಕೆಲಸವನ್ನು ಒಲ್ಲೆನೆಂಬಾಗ

ಬೇಸಿಗೆ ಬಂತೆಂದರೆ ನಮ್ಮ ಯಲಹಂಕ, ಹೆಬ್ಬಾಳಗಳ ಮನೆಗಳಲ್ಲಿ ಒಂದು ಪ್ರಶ್ನೆ ತಲೆಯೆತ್ತುತ್ತದೆ. ಮಾನ್ಯತಾ ಟೆಕ್ ಪಾರ್ಕಿನ ಯಾವುದೋ ಕಂಪನಿಗೆ ಬರುತ್ತೇನೆಂದು ಒಪ್ಪಿ ಬರೆದ ಹುಡುಗನಿಗೆ ವಾರ ಕಳೆಯುವುದರೊಳಗೆ ಬೇರೆಡೆಯಿಂದ ಇನ್ನೂ ಒಳ್ಳೆಯ ಕರೆ ಬರುತ್ತದೆ. ‘ಮಾತು ಕೊಟ್ಟಾಯಿತು, ಹೋಗಲೇಬೇಕು’ ಎನ್ನುತ್ತಾರೆ ತಂದೆ. ‘ಅದು ಬರಿಯ ಕಾಗದ, ಸುಮ್ಮನಿದ್ದುಬಿಡು’ ಎನ್ನುತ್ತಾನೆ ಸೋದರಮಾವ. ಕನ್ನಡ ಪಾಠ ಹೇಳಿ ನಿವೃತ್ತನಾದ ನನ್ನನ್ನೂ ಇಂಥವರು ಕೇಳಲು ಬರುವುದುಂಟು. ಇಬ್ಬರ ಮಾತಿನಲ್ಲಿಯೂ ಅರ್ಧದಷ್ಟು ಮಾತ್ರ ಸತ್ಯವಿದೆ ಎಂಬುದು ನನ್ನ ಅಭಿಪ್ರಾಯ.

ಹಿಂದೆ ಒಪ್ಪಿಗೆಗೆ ಕಾಗದ ಬೇಕಿರಲಿಲ್ಲ, ವೀಳ್ಯ ಸಾಕಾಗಿತ್ತು. ನಮ್ಮ ಹಳೆಯ ಕಾವ್ಯಗಳಲ್ಲಿ ಅರಸನ ಕೈಯಿಂದ ರಣವೀಳ್ಯ ಪಡೆದ ವೀರನು ಕಾಳಗಕ್ಕೆ ಬದ್ಧನು. ತುಂಬಿದ ಸಭೆಯಲ್ಲಿ ಎದುರೆದುರಿಗೆ ನಡೆಯುವ ವ್ಯವಹಾರ ಅದು. ಒಪ್ಪಿದೆನೆಂಬುದಕ್ಕೂ ಆ ಮಾತು ಇನ್ನೊಬ್ಬರ ಕಿವಿಗೆ ಬೀಳುವುದಕ್ಕೂ ನಡುವೆ ತೆರಪೇ ಇಲ್ಲ. ಅಂಚೆ ಬಂದ ಮೇಲೆ ಆ ತೆರಪು ಹುಟ್ಟಿತು.

1872ರ ಭಾರತೀಯ ಕರಾರು ಅಧಿನಿಯಮ ಈ ತೆರಪನ್ನು ಬಹು ಸೂಕ್ಷ್ಮವಾಗಿ ಗಮನಿಸಿದೆ. ಅದು ಕೊಡುವ ಉದಾಹರಣೆಗಳು ಸಣ್ಣ ಕಥೆಗಳಂತಿವೆ. ಒಬ್ಬನು ತನ್ನ ಮನೆಯನ್ನು ಮಾರುವೆನೆಂದು ಮತ್ತೊಬ್ಬನಿಗೆ ಅಂಚೆಯಲ್ಲಿ ಬರೆಯುತ್ತಾನೆ; ಆತನೂ ಒಪ್ಪಿ ಅಂಚೆಯಲ್ಲಿಯೇ ಉತ್ತರಿಸುತ್ತಾನೆ. ಉತ್ತರವನ್ನು ಅಂಚೆಗೆ ಹಾಕಿದ ಮೇಲೆ ಮಾರುವವನು ಹಿಂದೆಗೆಯುವಂತಿಲ್ಲ. ಒಪ್ಪಿದವನಾದರೋ, ಆ ಕಾಗದ ಮುಟ್ಟುವವರೆಗೆ, ಮುಟ್ಟುವ ಗಳಿಗೆಯಲ್ಲಿ ಕೂಡ, ತನ್ನ ಒಪ್ಪಿಗೆಯನ್ನು ಹಿಂತೆಗೆದುಕೊಳ್ಳಬಹುದು. ಕಾಗದಕ್ಕಿಂತ ಮುಂಚೆ ಮುಟ್ಟುವಂತೆ ಒಂದು ತಂತಿ ಕೊಟ್ಟರಾಯಿತು. ಕೆಲಸದ ಕರೆಗೂ ಇದೇ ನ್ಯಾಯ. ಆದರೆ ತಂತಿ ಸೇವೆ 2013ರ ಜುಲೈ ತಿಂಗಳಲ್ಲಿ ನಿಂತುಹೋಯಿತು. ಈ-ಮೇಲಿನಲ್ಲಿ ಕಳುಹಿಸಿದ ಒಪ್ಪಿಗೆಯನ್ನು ಯಾವ ತಂತಿ ತಾನೆ ಹಿಂದೆ ಹಾಕೀತು? ನಾವು ಮತ್ತೆ ವೀಳ್ಯದ ಕಾಲಕ್ಕೆ ಬಂದು ನಿಂತಿದ್ದೇವೆ.

ಒಪ್ಪಿಗೆ ಮುಟ್ಟಿದ ಮೇಲೆ ಕರಾರಾಯಿತು, ನಿಜ. ಆದರೂ ಒಲ್ಲದವನನ್ನು ಎಳೆತಂದು ದುಡಿಸಿರೆಂದು ನ್ಯಾಯಾಲಯ ಆಜ್ಞೆ ಮಾಡದು. 1963ರ ನಿರ್ದಿಷ್ಟ ಪರಿಹಾರ ಅಧಿನಿಯಮ ಅದಕ್ಕೆ ಎಡೆಗೊಡುವುದಿಲ್ಲ. ನಷ್ಟಪರಿಹಾರ ಕೇಳಬಹುದು, ಅಷ್ಟೆ.

ಮುಚ್ಚಳಿಕೆ ಬರೆದುಕೊಟ್ಟವರು ಮಾತ್ರ ಎಚ್ಚರದಿಂದಿರಬೇಕು. ಬೆಂಗಳೂರಿನಲ್ಲಿ ಪ್ರಧಾನ ಕಚೇರಿಯಿದ್ದ, 2019ರಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾದ ವಿಜಯಾ ಬ್ಯಾಂಕು, ಮೂರು ವರ್ಷ ತುಂಬುವ ಮೊದಲು ಬಿಟ್ಟರೆ 2 ಲಕ್ಷ ರೂಪಾಯಿ ಕಟ್ಟಬೇಕೆಂದು ಬರೆಸಿಕೊಂಡಿತ್ತು. 2007ರಲ್ಲಿ ಸೇರಿದ ಅಧಿಕಾರಿಯೊಬ್ಬರು 2009ರಲ್ಲಿ ಬೇರೆ ಬ್ಯಾಂಕಿಗೆ ಹೋಗುವಾಗ ಆಕ್ಷೇಪಿಸಿಯೇ ಹಣ ಕಟ್ಟಿ, ನ್ಯಾಯಾಲಯಕ್ಕೆ ಹೋದರು. ಕರ್ನಾಟಕ ಉಚ್ಚ ನ್ಯಾಯಾಲಯ ಅವರ ಪರವಾಗಿ ನಿಂತರೂ, 2025ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯ ಬ್ಯಾಂಕಿನ ಷರತ್ತನ್ನು ಎತ್ತಿಹಿಡಿಯಿತು. ಸಾರ್ವಜನಿಕ ಬ್ಯಾಂಕು ಮನಸ್ಸಿಗೆ ಬಂದವರನ್ನು ಕರೆದು ಕೂರಿಸುವಂತಿಲ್ಲ. ತೆರವಾದ ಒಂದು ಕುರ್ಚಿಗೂ ಜಾಹೀರಾತು, ಸ್ಪರ್ಧೆ, ಆಯ್ಕೆ ಎಲ್ಲವೂ ಮತ್ತೆ ನಡೆಯಬೇಕು ಎಂಬುದು ಅದಕ್ಕೆ ಕಂಡ ಕಾರಣ. ಇದು ಸೇರಿದ ಮೇಲೆ ಬಿಟ್ಟವರ ಸಂಗತಿ. ಸೇರುವ ಮೊದಲೇ ಒಲ್ಲೆನೆಂದವರನ್ನು ಇದೇ ತಕ್ಕಡಿಯಲ್ಲಿ ತೂಗಲಾಗದು. ಆದರೂ ಸಹಿ ಮಾಡುವ ಮುನ್ನ ಕಾಗದವನ್ನು ಕೊನೆಯ ಸಾಲಿನವರೆಗೆ ಓದುವುದು ಮೇಲು.

ಕಾನೂನಿನ ಕಣ್ಣಿಗೆ ಬೀಳದ ಮೂರನೆಯವನೊಬ್ಬನಿದ್ದಾನೆ. ಸಂದರ್ಶನದಲ್ಲಿ ಎರಡನೆಯವನಾಗಿ ನಿಂತು, ‘ವಿಷಾದಿಸುತ್ತೇವೆ’ ಎಂಬ ಪತ್ರ ಪಡೆದು ಊರಿಗೆ ಮರಳಿದವನು. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಆರ್.ಟಿ. ನಗರದ ಶಾಲೆಯೊಂದಕ್ಕೆ ಒಪ್ಪಿ ಬರೆದಿದ್ದಳು. ಅಷ್ಟರಲ್ಲಿ ಅವಳಿಗೆ ಸರ್ಕಾರಿ ಕಾಲೇಜಿನ ಆದೇಶ ಬಂತು. ಶಾಲೆ ತೆರೆಯುವ ದಿನ ಹೋಗದಿದ್ದರಾಯಿತು, ಅವರೇ ಅರ್ಥಮಾಡಿಕೊಳ್ಳುತ್ತಾರೆ ಎಂದು ಯಾರೋ ಹೇಳಿದ್ದರಂತೆ. ‘ಮೇಷ್ಟ್ರೇ, ತಾಯಿಗೆ ಖಾಯಿಲೆ ಎಂದು ಬರೆಯಲೇ?’ ಎಂದು ನನ್ನನ್ನು ಕೇಳಿದಳು. ಇಲ್ಲದ ಖಾಯಿಲೆಯನ್ನು ಹೆತ್ತವಳಿಗೆ ಅಂಟಿಸುವುದು ನನಗಂತೂ ಸೇರದು. ಬೇರೆ ಕೆಲಸ ಸಿಕ್ಕಿದೆ, ಬರಲಾರೆ, ತಮಗಾಗುವ ತೊಂದರೆಗೆ ಕ್ಷಮೆ ಇರಲಿ — ಇಷ್ಟನ್ನು ಅಂದೇ ಬರೆಯಮ್ಮ ಎಂದೆ. ಬರೆದಳು. ಶಾಲೆಯಿಂದ ಬಂದ ಉತ್ತರ ಒಂದೇ ಸಾಲಿನದು, ಅದೂ ಬಿಸುಪಿಲ್ಲದ್ದು. ಆ ಜಾಗಕ್ಕೆ ದೊಡ್ಡಬಳ್ಳಾಪುರದ ಕಡೆಯ ಹೆಣ್ಣುಮಗಳೊಬ್ಬಳು ಬಂದಳೆಂದು ಆಮೇಲೆ ತಿಳಿಯಿತು. ಕರೆ ಇನ್ನೊಂದು ವಾರ ತಡವಾಗಿದ್ದರೆ ಆಕೆ ಅರ್ಧ ಸಂಬಳದ ಬೇರೊಂದು ಶಾಲೆಗೆ ಸೇರಿರುತ್ತಿದ್ದಳಂತೆ.