ಲೈನಿನ ಕೊನೆಯ ಮನೆ

ಮೂಡಿಗೆರೆಯಿಂದ ಕೊಟ್ಟಿಗೆಹಾರ ದಾಟಿ ಕಳಸದ ದಾರಿ ಹಿಡಿದರೆ ಎರಡೂ ಕಡೆ ತೋಟವೇ ತೋಟ. ಅಲ್ಲಲ್ಲಿ ಒಂದು ಗೇಟು, ಗೇಟಿನಿಂದ ಒಳಕ್ಕೆ ಇಳಿದುಹೋಗುವ ಮಣ್ಣುದಾರಿ. ಅಂಥದೊಂದು ಗೇಟಿನ ಮುಂದೆ ಬಸ್ಸಿಳಿದೆ. ತೋಟದ ಹೆಸರು ಬರೆಯುವುದಿಲ್ಲ. ಅಲ್ಲಿ ಕಂಡದ್ದು ಈ ಸೀಮೆಯ ಎಷ್ಟೋ ತೋಟಗಳಲ್ಲಿ ಕಾಣುವಂಥದ್ದೇ.

ಕುಯ್ಲಿನ ಕಾಲ. ಅರೇಬಿಕಾ ಮುಗಿಯುತ್ತ ಬಂದಿತ್ತು, ರೊಬಸ್ಟಾ ಹಣ್ಣಾಗುತ್ತಿತ್ತು. ಅಸ್ಸಾಮಿನಿಂದ ಹೊಸದಾಗಿ ಬಂದ ಚಿಕ್ಕ ಸಂಸಾರವೊಂದು ಇಲ್ಲಿನ ಲೈನು, ಅಂದರೆ ಕೆಲಸದವರ ಸಾಲುಮನೆ, ಸೇರಿದೆ ಎಂದು ಕೇಳಿದ್ದೆ. ಗಂಡ, ಹೆಂಡತಿ, ಆರು ವರ್ಷದ ಆಸುಪಾಸಿನ ಮಗಳು, ಎರಡು ತುಂಬದ ಗಂಡುಕೂಸು. ಗುರುತು ಪರಿಚಯವಿಲ್ಲದ ನಾಡಿಗೆ ಬಂದವರ ಮೊದಲ ದಿನಗಳು ಹೇಗಿರುತ್ತವೆ, ಯಾವುದಕ್ಕೆ ಅವರು ಪರದಾಡುತ್ತಾರೆ ಎಂದು ಕಣ್ಣಾರೆ ನೋಡಬೇಕು ಅನ್ನಿಸಿತ್ತು.

ಗೇಟಿನಿಂದ ದಾರಿ ಎರಡು ತಿರುವು ತಗೊಂಡು ಇಳಿಯುತ್ತದೆ. ಸಿಲ್ವರ್ ಮರಗಳಿಗೆ ಹಬ್ಬಿದ ಮೆಣಸಿನ ಬಳ್ಳಿ, ಅವುಗಳ ಕೆಳಗೆ ಎದೆಮಟ್ಟದ ಕಾಫಿ. ಬೆಳಗಿನ ಮಂಜು ಇನ್ನೂ ಪೂರ್ತಿ ಬಿಟ್ಟಿರಲಿಲ್ಲ. ಎರಡನೇ ತಿರುವಿನಲ್ಲಿ ಪಲ್ಪರ್ ಮನೆ. ಹಣ್ಣಿನ ಸಿಪ್ಪೆಯ ಹುಳಿವಾಸನೆ ಅಲ್ಲಿಂದಲೇ ಮೂಗಿಗೆ ಬಡಿಯಿತು. ಅದರ ಪಕ್ಕ ಕಣ, ಕಣದ ಅಂಚಿಗೆ ತೋಟದ ಲೆಕ್ಕ ಬರೆಯುವ ರೈಟರ ಆಫೀಸು.

ಆಫೀಸೆಂದರೆ ಒಂದು ಕೋಣೆ. ಮೇಜು, ಹಾಜರಿ ಪುಸ್ತಕ, ತೂಕದ ಪುಸ್ತಕ, ಗೋಡೆಗೆ ಕೀಲಿ ತೂಗುಹಾಕುವ ಹಲಗೆ. ಮೇಜಿನ ಮೇಲೆ ಆಧಾರ್ ಕಾರ್ಡಿನ ಜೆರಾಕ್ಸ್ ಕಂತೆ. ಹೊರ ರಾಜ್ಯದಿಂದ ಬಂದವರ ಒಂದೊಂದು ಪ್ರತಿ ಇಲ್ಲಿಗೆ, ಇನ್ನೊಂದು ಪೊಲೀಸ್ ಠಾಣೆಗೆ ಎಂದರು ರೈಟರು. ಬಂದ ಮೊದಲ ಗಂಟೆಯಲ್ಲೇ ಈ ಕೆಲಸ ಮುಗಿದಿರುತ್ತದಂತೆ. ಅಸ್ಸಾಮಿನವರು ಅಂದ ಕೂಡಲೇ 'ನಿಜವಾಗಿ ಎಲ್ಲಿಯವರೋ' ಎಂಬ ಪ್ರಶ್ನೆ ಪೇಟೆಯಲ್ಲೂ ಏಳುತ್ತದೆ, ಹಳ್ಳಿಯಲ್ಲೂ ಏಳುತ್ತದೆ. ಅದನ್ನು ಬಲ್ಲವರಾದ್ದರಿಂದಲೇ ಇರಬೇಕು, ಈ ದಂಪತಿ ಕಾಗದಗಳನ್ನೆಲ್ಲ ಬಟ್ಟೆಯಂಗಡಿಯ ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟುಕೊಂಡಿದ್ದಾರೆ. ಅದನ್ನು ಆಮೇಲೆ ನೋಡಿದೆ.

ಮುಂಗಡ ಎಷ್ಟು ಕೊಟ್ಟಿರಿ, ಕಿಲೋ ಲೆಕ್ಕವೋ ದಿನಗೂಲಿಯೋ ಎಂದು ಕೇಳಿದೆ. ರೈಟರು ಒಂದು ಹೇಳಿದರು, ಮೇಸ್ತ್ರಿ ಮತ್ತೊಂದು ಹೇಳಿದ. ಯಾವುದು ಸರಿಯೋ ನನಗೆ ತಿಳಿಯಲಿಲ್ಲ. ಕುಯ್ಲು ಇರುವಷ್ಟು ದಿನ ಕಿಲೋ ಲೆಕ್ಕ, ಮಿಕ್ಕ ಕೆಲಸಕ್ಕೆ ದಿನಗೂಲಿ ಎಂಬಷ್ಟು ಮಾತ್ರ ಇಬ್ಬರ ಬಾಯಲ್ಲೂ ಒಂದೇ ಬಂತು.

ಕಣ ದಾಟಿ ಹಳ್ಳದ ಕಡೆ ಇಳಿದರೆ ಲೈನು ಮನೆಗಳು. ಒಂದೇ ಉದ್ದದ ಹೆಂಚಿನ ಮಾಡು, ಅದರಡಿ ಸಾಲಾಗಿ ಬಾಗಿಲುಗಳು. ಮೊದಲ ಬಾಗಿಲಿನಲ್ಲಿ ಒಬ್ಬ ಅಜ್ಜಿ ಬಿಸಿಲಿಗೆ ಕೂತಿದ್ದರು. ಹುಡುಗಿಯಾಗಿದ್ದಾಗ ತಾಯಿಯ ಜೊತೆ ಘಟ್ಟದ ಕೆಳಗಿನಿಂದ ಹತ್ತಿ ಬಂದವರು. ಮಾತು ಕನ್ನಡ, ರಾಗ ತುಳುವಿನದು. ಆಗೆಲ್ಲ ಮಳೆ ಬಿಟ್ಟ ಮೇಲೆ ಬಂದು, ಮುಂದಿನ ಮಳೆ ಹಿಡಿಯುವ ಮೊದಲು ಇಳಿದುಹೋಗುವುದಿತ್ತು ಎಂದರು. ಒಂದು ವರ್ಷ ಇಳಿಯಲಿಲ್ಲ, ಇಲ್ಲೇ ಉಳಿದರು. ಈ ಸಾಲಿನಲ್ಲಿ ಹಿಂದೆ ತಮಿಳರಿದ್ದರು, ಬಯಲುಸೀಮೆಯವರಿದ್ದರು. ಅವರ ಮಕ್ಕಳು ಓದಿಕೊಂಡು ಬೆಂಗಳೂರು, ಮಂಗಳೂರು ಸೇರಿದರು. ಬಾಗಿಲುಗಳು ಒಂದೊಂದೇ ಖಾಲಿಯಾದವು. ಈಗ ಅವುಗಳಲ್ಲಿ ಅಸ್ಸಾಂ, ಬಂಗಾಳ, ಜಾರ್ಖಂಡದವರಿದ್ದಾರೆ. ಮಲೆನಾಡಿನ ಕಾಫಿಯನ್ನು ಮಲೆನಾಡಿನವರಷ್ಟೇ ಕೊಯ್ದು ಮುಗಿಸಿದ ಕಾಲ ಇತ್ತೆಂದು ನನಗೆ ಅನ್ನಿಸುವುದಿಲ್ಲ. ಬಾಬಾಬುಡನ್ ಗಿರಿಯ ಕಥೆಯನ್ನು ನಂಬುವುದಾದರೆ ಗಿಡವೇ ಯೆಮನ್ ಕಡೆಯಿಂದ ಬಂದದ್ದು.

ಕೊನೆಯ ಬಾಗಿಲು ಹೊಸಬರದ್ದು. ಗಂಡ ಹೊರಗೆ ಸೌದೆ ಒಡೆಯುತ್ತಿದ್ದ. ಇಪ್ಪತ್ತೈದು ದಾಟಿರಬಹುದು. ಅವನಿಗೆ ಹಿಂದಿ ಬರುತ್ತದೆ, ನನ್ನದು ಹರುಕು ಹಿಂದಿ, ಅಷ್ಟರಲ್ಲೇ ಮಾತಾಯಿತು. ಹೆಂಡತಿ ಮಕ್ಕಳೊಂದಿಗೆ ಆಡುವ ಮಾತು ಅಸ್ಸಾಮಿಯೋ ಸಾದ್ರಿಯೋ ನನಗೆ ಗುರುತಾಗಲಿಲ್ಲ. ಸಾದ್ರಿಯೇ ಇರಬೇಕು ಅಂದುಕೊಂಡೆ, ಯಾಕೆಂದರೆ ಅವರದು ಚಹಾ ತೋಟದ ಮನೆತನ. ಹತ್ತೊಂಬತ್ತನೇ ಶತಮಾನದಲ್ಲಿ ಬ್ರಿಟಿಷರು ಛೋಟಾ ನಾಗಪುರದ ಕಡೆಯಿಂದ ಸಾವಿರಾರು ಸಂಸಾರಗಳನ್ನು ಅಸ್ಸಾಮಿನ ಚಹಾ ತೋಟಗಳಿಗೆ ಸಾಗಿಸಿದರು. ಅವರ ಪೀಳಿಗೆಯವರು ಇಂದಿಗೂ ಅಲ್ಲಿನ ತೋಟದ ಲೈನುಗಳಲ್ಲಿದ್ದಾರೆ. ತನ್ನ ಮುತ್ತಾತ ಎಲ್ಲಿಂದ ಬಂದ ಎಂದು ಇವನಿಗೆ ಸರಿಯಾಗಿ ಗೊತ್ತಿಲ್ಲ, 'ರಾಂಚಿ ಕಡೆ' ಎಂದ. ಒಂದು ತೋಟದ ಲೈನಿನಲ್ಲಿ ಹುಟ್ಟಿ, ಮೂರು ಸಾವಿರ ಕಿಲೋಮೀಟರಿನಷ್ಟು ರೈಲಿನಲ್ಲಿ ಬಂದು, ಬೆಂಗಳೂರಿನಿಂದ ಹಾಸನ, ಬೇಲೂರಿನ ಮೇಲೆ ಬಸ್ಸಿನಲ್ಲಿ ಮೂಡಿಗೆರೆ ತಲುಪಿ, ಇನ್ನೊಂದು ತೋಟದ ಲೈನಿಗೆ ಸೇರಿದ್ದಾನೆ.

ಒಳಗೆ ಕರೆದರು. ಮುಂದೆ ಒಂದು ಕೋಣೆ, ಹಿಂದೆ ಅಡಿಗೆಗೆ ಇಷ್ಟು ಜಾಗ. ನೆಲಕ್ಕೆ ಸಿಮೆಂಟು. ಗೋಡೆಯ ಮೇಲೆ ಹಿಂದಿದ್ದವರು ಬಿಟ್ಟುಹೋದ ಕ್ಯಾಲೆಂಡರು, ಅದರಲ್ಲಿ ಕನ್ನಡದ ತಿಂಗಳುಗಳು. ಹಗ್ಗಕ್ಕೆ ನೇತುಹಾಕಿದ ಬಟ್ಟೆ. ಪಾತ್ರೆ ಹೆಚ್ಚಿಲ್ಲ, ಸಾಸಿವೆ ಎಣ್ಣೆಯ ಬಾಟಲಿಯನ್ನು ಮಾತ್ರ ಊರಿನಿಂದಲೇ ಹೊತ್ತು ತಂದಿದ್ದಾರೆ. ಒಲೆಯ ಮೇಲ್ಗಡೆ ಒಣಗಿದ ಎಂಥದೋ ಸೊಪ್ಪಿನ ಕಟ್ಟು ತೂಗುತ್ತಿತ್ತು. ಅಡಿಗೆಗೋ ಔಷಧಿಗೋ ಎಂದು ಕೇಳಿದರೆ ಆಕೆ ನಕ್ಕು ಏನೋ ಹೇಳಿದಳು, ಗಂಡನಿಗೆ ಅದರ ಹಿಂದಿ ಹೆಸರು ಹೊಳೆಯಲಿಲ್ಲ.

ಕಾಗದದ ಚೀಲವನ್ನು ಆಕೆಯೇ ಬಿಚ್ಚಿ ತೋರಿಸಿದಳು. ಎರಡು ಆಧಾರ್, ಮಗಳ ಜನನ ಪತ್ರ, ರೇಷನ್ ಕಾರ್ಡು, ಕೂಸಿನ ಲಸಿಕೆ ಕಾರ್ಡು. ಲಸಿಕೆ ಕಾರ್ಡು ಮಡಚಿ ಮಡಚಿ ನಾಲ್ಕು ತುಂಡಾಗಲು ಬಂದಿತ್ತು. ಹದಿನಾರರಿಂದ ಇಪ್ಪತ್ನಾಲ್ಕು ತಿಂಗಳೊಳಗೆ ಹಾಕಿಸಬೇಕಾದ ದಡಾರದ ಎರಡನೇ ಲಸಿಕೆಯ ಜಾಗ ಖಾಲಿ ಇತ್ತು. ಇಲ್ಲಿ ಎಲ್ಲಿ ಹಾಕಿಸುವುದು ಎಂಬುದು ಆಕೆಯ ಮೊದಲ ಪ್ರಶ್ನೆ. ಊರಿನ ಅಂಗನವಾಡಿಯಲ್ಲಿ ಕೇಳಿದರೆ ದಿನ ಹೇಳುತ್ತಾರೆ ಎಂದೆ. ಅಂಗನವಾಡಿ ಎಲ್ಲಿದೆ ಎಂಬುದೇ ಅವರಿಗೆ ಗೊತ್ತಿರಲಿಲ್ಲ.

ರೇಷನ್ ಕಾರ್ಡನ್ನು ಕೈಯಲ್ಲಿ ಹಿಡಿದು ನೋಡಿದೆ, ಅಸ್ಸಾಮಿನದು. 'ಒಂದು ದೇಶ ಒಂದು ಪಡಿತರ' ವ್ಯವಸ್ಥೆಗೆ ಅಸ್ಸಾಂ 2022ರ ಜೂನ್‌ನಲ್ಲಿ ಸೇರಿತು, ಎಲ್ಲ ರಾಜ್ಯಗಳಿಗಿಂತ ಕೊನೆಗೆ. ಅಲ್ಲಿಂದೀಚೆಗೆ ಇದೇ ಕಾರ್ಡಿನ ಮೇಲೆ ಇಲ್ಲಿನ ನ್ಯಾಯಬೆಲೆ ಅಂಗಡಿಯಲ್ಲೂ ತಲೆಗೆ 5 ಕಿಲೋ ಧಾನ್ಯ ಸಿಗಬೇಕು. ಊರಲ್ಲಿ ಉಳಿದ ಅಪ್ಪ ಅಮ್ಮ ತಮ್ಮ ಪಾಲನ್ನು ಅಲ್ಲೇ ತಗೊಳ್ಳಬಹುದು, ಇವರು ತಮ್ಮದನ್ನು ಇಲ್ಲಿ. ಬೆರಳಚ್ಚು ಒತ್ತಿದರೆ ಸಾಕು. ಆದರೆ ಕಾಫಿ ಕೊಯ್ಯುವವರ ಬೆರಳನ್ನು ನೋಡಬೇಕು. ಹಣ್ಣಿನ ಅಂಟು ಒಣಗಿ ಕಪ್ಪಾಗಿ, ಗೆರೆಗಳೊಳಗೆ ಕೂತಿರುತ್ತದೆ. ಆಕೆಯ ಹೆಬ್ಬೆರಳೂ ಹಾಗೇ ಆಗಿತ್ತು. ಯಂತ್ರ ಒಪ್ಪದಿದ್ದರೆ ಮತ್ತೊಮ್ಮೆ ಒತ್ತಿಸಿ ಎನ್ನಲು ಭಾಷೆ ಬೇಕು. ಸದ್ಯಕ್ಕೆ ಗೇಟಿನ ಹತ್ತಿರದ ಅಂಗಡಿಯಲ್ಲಿ ದುಡ್ಡು ಕೊಟ್ಟೇ ಅಕ್ಕಿ ತರುತ್ತಿದ್ದಾರೆ.

ಹಿಂಬಾಗಿಲಿನಿಂದ ಹೊರಟರೆ ನಲ್ಲಿ, ಬಚ್ಚಲು, ಕಕ್ಕಸು. ನೀರು ಮೇಲಿನ ಟ್ಯಾಂಕಿನಿಂದ ಬೆಳಿಗ್ಗೆ, ಸಂಜೆ ಬಿಡುತ್ತಾರೆ. ಬಚ್ಚಲ ಹಂಡೆ ಮೂರು ಮನೆಗೆ ಒಂದು. ಅದರ ಸರದಿಯನ್ನು ಮೊದಲ ದಿನ ಹೇಳಿಕೊಟ್ಟವರು ಆ ಅಜ್ಜಿಯೇ. ಒದ್ದೆ ಸೌದೆ ತಂದು ಹೊಗೆಯಲ್ಲಿ ಕಣ್ಣುಜ್ಜಿಕೊಳ್ಳುತ್ತಿದ್ದವರಿಗೆ, ಕಾಫಿ ಕಸಿಯಲ್ಲಿ ಸವರಿದ ಒಣ ಕಡ್ಡಿ ಎಲ್ಲಿ ಸಿಗುತ್ತದೆ ಎಂದು ಕೈಹಿಡಿದು ತೋರಿಸಿದರಂತೆ. ಇಬ್ಬರ ನಡುವೆ ಒಂದೂ ಸಮಾನ ಪದವಿಲ್ಲ. ಮೀನಿನ ಗಾಡಿ ಬರುವ ಹೊತ್ತನ್ನೂ ಅಜ್ಜಿಯೇ ಕಲಿಸಿದ್ದು. ಮಂಗಳೂರು ಕಡೆಯಿಂದ ಚಾರ್ಮಾಡಿ ಹತ್ತಿ ಬರುವ ಬಂಗುಡೆ, ಬೂತಾಯಿಗಳು ಹೊಳೆಮೀನು ತಿಂದು ಬೆಳೆದ ಇವರಿಗೆ ಇನ್ನೂ ರುಚಿಸಿಲ್ಲ.

ಒಂಬತ್ತರ ಹೊತ್ತಿಗೆ ನಾನೂ ಅವರ ಹಿಂದೆ ತೋಟಕ್ಕೆ ಹತ್ತಿದೆ. ಆಕೆ ಸೊಂಟಕ್ಕೆ ಚೀಲ ಕಟ್ಟಿಕೊಂಡಳು. ಚಹಾ ಚಿಗುರು ಕಿತ್ತ ಕೈ ಅದು. ಎರಡು ಎಲೆ ಒಂದು ಮೊಗ್ಗನ್ನು ಚಟಕ್ಕನೆ ಮುರಿಯುವುದು ಅದಕ್ಕೆ ಹುಟ್ಟಿನಿಂದ ಬಂದಂತಿದೆ. ಕಾಫಿಯಲ್ಲಿ ಹಾಗೆ ಮುರಿಯುವಂತಿಲ್ಲ. ಹಣ್ಣನ್ನು ತೊಟ್ಟಿನಲ್ಲಿ ತಿರುಚಿ ಬಿಡಿಸಬೇಕು. ರೆಕ್ಕೆಯ, ಅಂದರೆ ಅಡ್ಡಕೊಂಬೆಯ, ಗಂಟು ಕಿತ್ತುಬಂದರೆ ಮುಂದಿನ ವರ್ಷ ಅಲ್ಲಿ ಹೂವಿಲ್ಲ. ಹಸುರು ಕಾಯಿ ಬರಬಾರದು, ಬುಡಕ್ಕೆ ಉದುರಿದ್ದನ್ನು ಬಿಡಬಾರದು. ಚಹಾ ಗಿಡದ ಹತ್ತಿರ ವಾರ, ಹತ್ತು ದಿನಕ್ಕೊಮ್ಮೆ ಮತ್ತೆ ಹೋಗುತ್ತಾರೆ, ಕಾಫಿ ವರ್ಷಕ್ಕೊಂದೇ ಬೆಳೆ. ಪಕ್ಕದ ಸಾಲಿನ ಹೆಂಗಸು ಒಂದು ರೆಕ್ಕೆ ಹಿಡಿದು ನಿಧಾನಕ್ಕೆ ಕೊಯ್ದು ತೋರಿಸಿದಳು. ಈಕೆ ಹಾಗೇ ಮಾಡಿದಳು, ಮತ್ತೆ ಹಳೆ ಅಭ್ಯಾಸಕ್ಕೆ ಬಿದ್ದಳು, ಮತ್ತೆ ತಿದ್ದಿಕೊಂಡಳು. ಕಿಲೋ ಲೆಕ್ಕದಲ್ಲಿ ಈ ಕಲಿಯುವ ದಿನಗಳ ನಷ್ಟ ಪೂರ್ತಿ ಅವರದೇ. ಸಂಜೆ ತಕ್ಕಡಿಯಲ್ಲಿ ಹಳಬರ ಚೀಲದ ಅರ್ಧವೂ ತೂಗುವುದಿಲ್ಲ ಎಂದು ಗಂಡ ಹೇಳಿದ.

ಮಕ್ಕಳಿಬ್ಬರೂ ಅಲ್ಲೇ ಇದ್ದರು. ಹಲಸಿನ ಮರದ ಬುಡದಲ್ಲಿ ಪ್ಲಾಸ್ಟಿಕ್ ಹಾಳೆ ಹಾಸಿ, ಕೂಸನ್ನು ಕೂರಿಸಿ, ಅಕ್ಕ ಕಾಯುತ್ತಿದ್ದಳು. ಕೂಸು ಎದ್ದು ಓಡುತ್ತದೆ, ಅವಳು ಎತ್ತಿ ತರುತ್ತಾಳೆ. ಬಿದ್ದ ಹಣ್ಣನ್ನು ಬಾಯಿಗೆ ಹಾಕುತ್ತದೆ, ಅವಳು ಬೆರಳು ಹಾಕಿ ತೆಗೆಯುತ್ತಾಳೆ. ಸುಮಾರು ಹೊತ್ತು ನಿಂತು ನೋಡಿದೆ. ಒಂದು ಸಲವೂ ಅವಳು ಅತ್ತಿತ್ತ ನೋಡಲಿಲ್ಲ. ಇದೇ ತಿಂಗಳುಗಳಲ್ಲಿ ಮಂಗನ ಕಾಯಿಲೆ ಹರಡುವ ಉಣುಗು ತರಗೆಲೆಯಲ್ಲಿರುತ್ತದೆ. ಮಕ್ಕಳ ಮೈಯನ್ನು ಸಂಜೆ ತಡವಿ ನೋಡಬೇಕೆಂದು ಇವರಿಗೆ ಯಾರೂ ಹೇಳಿಲ್ಲ. ಹಾಗೆಯೇ, ಕಾಡಾನೆ ಯಾವ ತೋಟದಲ್ಲಿದೆ ಎಂಬ ಸಂದೇಶ ವಾಟ್ಸ್ಯಾಪಿಗೆ ಬರುತ್ತದೆ, ಕನ್ನಡದಲ್ಲಿ. ಗಂಡನ ಮೊಬೈಲಿನಲ್ಲಿ ಆ ಗುಂಪೇ ಇಲ್ಲ.

ಶಾಲೆ ಎಷ್ಟು ದೂರ ಎಂದು ನೋಡಲು ಮಧ್ಯಾಹ್ನ ನಡೆದುಹೋದೆ. ತೋಟದ ಒಳದಾರಿಯಲ್ಲಿ, ತಡಮೆ ದಾಟಿ, ಗದ್ದೆಯ ಏರಿ ಹಿಡಿದರೆ ಅರ್ಧ ಗಂಟೆಯೊಳಗೆ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ. ಅದೇ ಅಂಗಳದ ಮೂಲೆಯಲ್ಲಿ ಅಂಗನವಾಡಿ. ಒಂದರಿಂದ ಮೂರನೇ ತರಗತಿಯ ಮಕ್ಕಳು ನಲಿಕಲಿ ಕೋಣೆಯಲ್ಲಿ ಗುಂಪಾಗಿ ಕೂತಿದ್ದರು. ಡಿಸೆಂಬರಿನಲ್ಲಿ ಬಂದ ಮಗುವಿಗೆ ಇದಕ್ಕಿಂತ ಅನುಕೂಲದ ತರಗತಿ ಬೇರೆ ಇರಲಾರದು. ಅಲ್ಲಿ ಎಲ್ಲರೂ ಒಂದೇ ಪಾಠದಲ್ಲಿ ಇರುವುದಿಲ್ಲ, ತಮ್ಮ ತಮ್ಮ ಮೆಟ್ಟಿಲಿನ ಕಾರ್ಡಿನಿಂದ ಮುಂದೆ ಹೋಗುತ್ತಾರೆ. ಬೇರೆ ರಾಜ್ಯದ ಮಕ್ಕಳು ಆಗಲೇ ಇಬ್ಬರು ಮೂವರಿದ್ದರು. ಒಬ್ಬ ಹುಡುಗ 'ಬನ್ನಿ' ಎಂದು ಕನ್ನಡದಲ್ಲೇ ಕರೆದ. ವರ್ಗಾವಣೆ ಪತ್ರ ಇಲ್ಲವೆಂದು ಮಗುವನ್ನು ಹೊರಗಿಡುವಂತಿಲ್ಲ. 2009ರ ಶಿಕ್ಷಣ ಹಕ್ಕು ಕಾಯಿದೆ ಅದನ್ನು ಸ್ಪಷ್ಟವಾಗಿ ಹೇಳುತ್ತದೆ. ಕರೆದುಕೊಂಡು ಬನ್ನಿ, ನಾಳೆಯೇ ಸೇರಿಸಿಕೊಳ್ಳುತ್ತೇವೆ ಎಂದರು ಅಲ್ಲಿನ ಟೀಚರು.

ಹಿಂದಿರುಗಿ ಈ ಮಾತನ್ನು ತಾಯಿಗೆ ಮುಟ್ಟಿಸಿದೆ. ಅವಳು ಶಾಲೆಗೆ ಹೋದರೆ ಇವನನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ಕೂಸನ್ನು ತೋರಿಸಿದಳು.

ಆ ದಿನವೆಲ್ಲ ಕಂಡದ್ದರ ಬೇರು ಅಲ್ಲಿದೆ ಎಂದು ನನಗೆ ಅನ್ನಿಸಿತು. ಅಕ್ಕಿ, ನೀರು, ಸೌದೆ, ಮೀನು ಇವೆಲ್ಲ ತಿಂಗಳೊಪ್ಪತ್ತಿನಲ್ಲಿ ಸರಿಹೋಗುತ್ತವೆ, ಅಜ್ಜಿಯಂಥವರು ಸರಿಮಾಡುತ್ತಾರೆ. ಹಗಲಿಗೆ ಕೂಸಿಗೊಂದು ಜಾಗ ಸಿಗದಿದ್ದರೆ ಮಾತ್ರ ಆ ಹುಡುಗಿಯ ಒಂದನೇ ತರಗತಿ ಹಲಸಿನ ಬುಡದಲ್ಲೇ ಕಳೆದುಹೋಗುತ್ತದೆ. 1951ರ ತೋಟ ಕಾರ್ಮಿಕರ ಕಾಯಿದೆಯೇನೋ 50 ಹೆಂಗಸರು ದುಡಿಯುವ ತೋಟದಲ್ಲಿ ಶಿಶುವಿಹಾರ ಇರಲೇಬೇಕು ಎಂದಿತ್ತು. ಆದರೆ ನಮ್ಮ ಕಾಫಿ ಹಿಡುವಳಿಗಳಲ್ಲಿ ಬಹುಪಾಲು ಹತ್ತು ಹೆಕ್ಟೇರಿಗಿಂತ ಚಿಕ್ಕವು. ಅಲ್ಲಿ 50 ಹೆಂಗಸರು ಇರುವುದೇ ಅಪರೂಪ, ಹಾಗಾಗಿ ಆ ಮಾತು ಅವುಗಳ ಗೇಟು ದಾಟಿ ಒಳಗೆ ಬಂದದ್ದೂ ಅಪರೂಪ. ಈ ತೋಟದಲ್ಲೂ ಹಳೆಯ ಕಾಲದ ಒಂದು ಶಿಶುವಿಹಾರದ ಕೋಣೆ ಇತ್ತಂತೆ. ಹೋಗಿ ನೋಡಿದೆ, ಗೊಬ್ಬರದ ಚೀಲ ಪೇರಿಸಿದ್ದರು.

2023ರಿಂದೀಚೆಗೆ ಸರ್ಕಾರ ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ತೆರೆಯುತ್ತಿದೆ. ಉದ್ಯೋಗ ಖಾತ್ರಿಗೆ ಹೋಗುವ ತಾಯಂದಿರ ಎಳೆಯ ಮಕ್ಕಳನ್ನು ಅಲ್ಲಿ ನೋಡಿಕೊಳ್ಳುತ್ತಾರೆ. ಕಾಫಿ ಕೊಯ್ಯುವ ತಾಯಿಯ ಕೂಸೂ ಅದೇ ವಯಸ್ಸಿನದು, ಅದೇ ಪಂಚಾಯಿತಿಯದು. ಮೂಡಿಗೆರೆ, ಕಳಸದ ತೋಟದವರಲ್ಲೂ ಪಂಚಾಯಿತಿ ಸದಸ್ಯರಲ್ಲೂ ನನ್ನ ಕೋರಿಕೆ ಇಷ್ಟೇ. ಅಕ್ಕಪಕ್ಕದ ಹತ್ತು ಸಣ್ಣ ತೋಟ ಸೇರಿ, ಕುಯ್ಲಿನ ನಾಲ್ಕು ತಿಂಗಳಿಗಾದರೂ ಒಂದು ಕೋಣೆ, ಒಬ್ಬ ಆಯಾಳನ್ನು ಕೊಡಿ. ಕೂಸಿನ ಮನೆ ಹತ್ತಿರವಿದ್ದರೆ ಅದರ ಬಾಗಿಲನ್ನು ಲೈನಿನ ಮಕ್ಕಳಿಗೂ ತೆರೆಯಿರಿ. ರೈಟರ ಮೇಜಿನಿಂದ ಆಧಾರ್ ಪ್ರತಿ ಠಾಣೆಗೆ ಹೋಗುವ ದಿನವೇ ಮಕ್ಕಳ ಹೆಸರು ಅಂಗನವಾಡಿಗೂ ಶಾಲೆಗೂ ಹೋಗಲಿ.